ಬಾವಿಕಟ್ಟೆಯವರೆಗೆ ಬಂದ ಸಂವಿಧಾನ

ನಮ್ಮ ಸಂವಿಧಾನದ 15ನೇ ವಿಧಿಯ ಎರಡನೇ ಖಂಡದಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಒಂದೊಂದೂ ಹೆಸರು ಹಿಡಿದು ಬರುತ್ತವೆ. ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು ಇವುಗಳ ನೆಪದಲ್ಲಿ ಯಾವ ಪ್ರಜೆಯನ್ನೂ ಅಲ್ಲಿಂದ ಹೊರಗಿಡಕೂಡದು ಎಂಬುದು ಅದರ ಆಜ್ಞೆ. ಸಂಸತ್ತು, ನ್ಯಾಯಾಲಯ, ಖಜಾನೆ, ಚುನಾವಣೆಗಳ ಬಗ್ಗೆ ಮಾತಾಡಬೇಕಾದ ದೇಶದ ಮೂಲ ಕಾನೂನು ಬಾವಿಕಟ್ಟೆಯವರೆಗೆ ಏಕೆ ಇಳಿದು ಬಂತು? ಮೈಸೂರಿನ ಅಶೋಕಪುರಂನ ಹಿರಿಯರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹಿಂದೆ ಆದಿಕರ್ನಾಟಕಪುರ ಎಂದು ಕರೆಸಿಕೊಳ್ಳುತ್ತಿದ್ದ, ರೈಲ್ವೆ ವರ್ಕ್‌ಶಾಪಿನ ಮಗ್ಗುಲಿನ ಈ ಬಡಾವಣೆ ಬಾಬಾಸಾಹೇಬ್ ಅಂಬೇಡ್ಕರ್ ಅವರನ್ನು ತನ್ನ ಮನೆಯ ಹಿರಿಯರಂತೆ ಕಾಣುತ್ತ ಬಂದಿದೆ. ಇಲ್ಲಿ ಅವರ ಹೆಸರಿನ ಪಾರ್ಕು ಇದೆ. ಏಪ್ರಿಲ್ 14 ಇಲ್ಲಿ ಊರಹಬ್ಬ.

ನಗರದ ಉಳಿದ ಭಾಗ ಮಾತ್ರ ಅವರನ್ನು ಒಂದು ಸಮುದಾಯದ ನಾಯಕರೆಂದು ಗೌರವದಿಂದಲೇ ದೂರ ಇಟ್ಟಿದೆ. ಸ್ವಾತಂತ್ರ್ಯ ಎಂದರೇನು, ಸರ್ಕಾರದ ಕೈ ಎಲ್ಲಿಯವರೆಗೆ ಚಾಚಬಹುದು, ಧರ್ಮದ ಜಾಗ ಯಾವುದು ಎಂಬ ಚರ್ಚೆ ಎದ್ದಾಗ ನಮ್ಮ ಪ್ರಾಧ್ಯಾಪಕರೂ ಪತ್ರಕರ್ತರೂ ಪಶ್ಚಿಮದ ಹೆಸರುಗಳನ್ನು ಹೇಳುತ್ತಾರೆ. ಈ ಮೂರೂ ಪ್ರಶ್ನೆಗಳನ್ನು ಒಟ್ಟಿಗೆ ಹಿಡಿದು, ಈ ನೆಲದ ಅನುಭವದಿಂದ ಹೊಸ ಉತ್ತರ ಕೊಟ್ಟ ಚಿಂತಕ ನಮ್ಮಲ್ಲೇ ಇದ್ದರೆಂಬುದು ನೆನಪಾಗುವುದಿಲ್ಲ. ಇದು ನನಗೆ ನೋವಿನ ಸಂಗತಿ.

ಪಶ್ಚಿಮದ ಉತ್ತರವನ್ನು ಮೊದಲು ನೋಡೋಣ. ಅಮೆರಿಕದ ಸ್ಥಾಪಕರು ದೊರೆಯ ದಬ್ಬಾಳಿಕೆಯನ್ನು ಕಂಡವರು. ಹಾಗಾಗಿ ಅವರ ಭಯವೆಲ್ಲ ಸರ್ಕಾರದ ಮೇಲೆ. 1787ರಲ್ಲಿ ಬರೆದ ಸಂವಿಧಾನದಲ್ಲಿ ಅಧಿಕಾರವನ್ನು ಮೂರಾಗಿ ಒಡೆದರು; 1791ರ ತಿದ್ದುಪಡಿಗಳಲ್ಲಿ ಮಾತು, ಪತ್ರಿಕೆ, ಪೂಜೆಯ ವಿಚಾರಕ್ಕೆ ಅಲ್ಲಿನ ಕಾಂಗ್ರೆಸ್ ಕೈ ಹಾಕಕೂಡದೆಂದರು. ಸರ್ಕಾರದ ಕೈ ಕಟ್ಟಿದರೆ ಮನುಷ್ಯ ಸ್ವತಂತ್ರ ಎಂಬುದು ಅವರ ನಂಬಿಕೆ. ಆದರೆ ಅದೇ ದೇಶದ ಹತ್ತಿ ಹೊಲಗಳಲ್ಲಿ ದುಡಿಯುತ್ತಿದ್ದ ಗುಲಾಮನ ಮೇಲೆ ಚಾವಟಿ ಬೀಸುತ್ತಿದ್ದವನು ಸರ್ಕಾರಿ ನೌಕರನಲ್ಲ, ಹೊಲದ ಒಡೆಯ. ಆ ಒಡೆತನ ಅಳಿಸಲು 1865ರ ಹದಿಮೂರನೇ ತಿದ್ದುಪಡಿ ಬೇಕಾಯಿತು, ಅದಕ್ಕೆ ಮೊದಲು ನಾಲ್ಕು ವರ್ಷದ ಅಂತರ್ಯುದ್ಧವೂ ನಡೆಯಬೇಕಾಯಿತು. 1913ರಿಂದ 1916ರವರೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಅಂಬೇಡ್ಕರ್ ಈ ಚರಿತ್ರೆಯನ್ನು ಬಲ್ಲವರು.

ಅವರ ಸ್ವಂತ ಪಾಠ ನಡೆದದ್ದು ಕೊಂಕಣದ ಮಹಾಡ್‌ನಲ್ಲಿ. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು ಮುಂಬೈ ಶಾಸನ ಪರಿಷತ್ತು 1923ರಲ್ಲಿ ಎಸ್.ಕೆ. ಬೋಲೆಯವರ ನಿರ್ಣಯವನ್ನು ಒಪ್ಪಿತ್ತು. ಮಹಾಡ್ ಪುರಸಭೆಯೂ ತನ್ನ ಚವದಾರ್ ಕೆರೆಯನ್ನು ತೆರೆದಿದ್ದೇವೆಂದು ಹೇಳಿತ್ತು. ಅಂದರೆ ಸರ್ಕಾರದ ಕಡೆಯಿಂದ ತಡೆ ಇರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮತ್ತು ಅವರ ಜೊತೆಗಿದ್ದವರು ಕೆರೆಗಿಳಿದು ಬೊಗಸೆಯಲ್ಲಿ ನೀರು ಕುಡಿದಾಗ ಅವರ ಮೇಲೆ ಬಿದ್ದವರು ಪೊಲೀಸರಲ್ಲ, ಊರಿನವರು. ಆಮೇಲೆ ಕೆರೆಯನ್ನು ಶುದ್ಧಿ ಮಾಡಲಾಯಿತು. ವ್ಯಾಜ್ಯ ಹೈಕೋರ್ಟಿನಲ್ಲಿ ಮುಗಿದು ಹಕ್ಕು ಸಿಕ್ಕಿದ್ದು 1937ರಲ್ಲಿ. ಒಂದು ಬೊಗಸೆ ನೀರಿಗೆ ಹತ್ತು ವರ್ಷದ ಮೊಕದ್ದಮೆ.

ಇದು ಮುಗಿದ ಕಥೆಯೆಂದು ಯಾರಾದರೂ ಹೇಳಿದರೆ ಅವರನ್ನು ಅಶೋಕಪುರಂ ನಿಲ್ದಾಣದಲ್ಲಿ ಚಾಮರಾಜನಗರದ ರೈಲು ಹತ್ತಿಸಬೇಕು. 2022ರ ನವೆಂಬರ್‌ನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರ ಗ್ರಾಮದಲ್ಲಿ ದಲಿತ ಮಹಿಳೆಯೊಬ್ಬರು ಬೀದಿಯ ತೊಂಬೆಯ ನಲ್ಲಿಯಿಂದ ನೀರು ಕುಡಿದರೆಂದು ತೊಂಬೆಯ ನೀರನ್ನೆಲ್ಲ ಹರಿಯಬಿಟ್ಟು ಗೋಮೂತ್ರದಿಂದ ತೊಳೆದ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು. ಅದಕ್ಕೂ ಎರಡು ವರ್ಷ ಮೊದಲು ಇದೇ ರೈಲು ಮಾರ್ಗದ ನಂಜನಗೂಡು ತಾಲ್ಲೂಕಿನ ಹಲ್ಲರೆಯಲ್ಲಿ ದಲಿತರಿಗೆ ಕ್ಷೌರ ಮಾಡಿದ ತಪ್ಪಿಗೆ ಕ್ಷೌರಿಕರೊಬ್ಬರಿಗೆ ದಂಡ ಹಾಕಿ ಬಹಿಷ್ಕಾರ ಹೇರಿದ್ದು ವರದಿಯಾಗಿತ್ತು. ಎರಡನೆಯದನ್ನು ಸ್ವಲ್ಪ ನಿಂತು ನೋಡಿ. ಕ್ಷೌರ ಮಾಡಿಸಿಕೊಂಡವರ ಹಕ್ಕು ಹೋಯಿತು, ಸರಿ. ತನ್ನ ಅಂಗಡಿಯಲ್ಲಿ ಯಾರ ತಲೆಗೆ ಕತ್ತರಿ ಹಿಡಿಯಬೇಕೆಂದು ತೀರ್ಮಾನಿಸುವ ಕಸುಬುದಾರನ ಹಕ್ಕೂ ಹೋಯಿತು. ಜಾತಿ ಕೆಳಗಿನವನನ್ನು ಮಾತ್ರ ಕಟ್ಟಿಹಾಕುತ್ತದೆ ಎಂದುಕೊಳ್ಳುವವರು ಈ ಪ್ರಕರಣ ಓದಬೇಕು.

ಸರ್ಕಾರ ಸುಮ್ಮನಿದ್ದರೆ ಸ್ವಾತಂತ್ರ್ಯ ತಾನಾಗಿ ಬರುತ್ತದೆ ಎಂಬ ಮಾತನ್ನು ಅಂಬೇಡ್ಕರ್ ಒಪ್ಪದೇ ಇದ್ದದ್ದು ಈ ಅನುಭವದಿಂದ. 1947ರಲ್ಲಿ ಅವರು ಸಂವಿಧಾನ ರಚನಾ ಸಭೆಗಾಗಿ ಸಿದ್ಧಪಡಿಸಿದ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ ಎಂಬ ಮನವಿಯಲ್ಲಿ ಒಂದು ನೇರ ಪ್ರಶ್ನೆ ಇದೆ. ಸರ್ಕಾರ ಹಿಂದೆ ಸರಿದ ಜಾಗದಲ್ಲಿ ಯಾರು ಬಂದು ಕೂರುತ್ತಾರೆ? ಗೇಣಿ ಏರಿಸುವ ಜಮೀನ್ದಾರ, ದುಡಿಮೆಯ ಗಂಟೆ ಹೆಚ್ಚಿಸುವ ಮಾಲೀಕ. ಹಸಿದವನು ಕೆಲಸಕ್ಕಾಗಿ ತನ್ನ ಹಕ್ಕನ್ನು ತಾನೇ ಬಿಟ್ಟುಕೊಡುತ್ತಾನೆ. ಕಸಿಯಲು ಯಾರೂ ಬರಬೇಕಿಲ್ಲ. 1942ರಿಂದ 1946ರವರೆಗೆ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡಿದ್ದವರು ಹೇಳಿದ ಮಾತಿದು, ಗಾಳಿಯಲ್ಲಿ ಹುಟ್ಟಿದ ಸಿದ್ಧಾಂತವಲ್ಲ. ಮುಖ್ಯ ಉದ್ಯಮಗಳೂ ಕೃಷಿ ಭೂಮಿಯೂ ರಾಜ್ಯದ ಒಡೆತನಕ್ಕೆ ಬರಬೇಕು, ಅದನ್ನು ಸಂವಿಧಾನದಲ್ಲೇ ಬರೆಯಬೇಕು ಎಂದು ಆ ಮನವಿ ಹೇಳಿತು. ಅದು ಅಂಗೀಕಾರವಾಗಲಿಲ್ಲ. ಆದರೆ ಅದರ ಹಿಂದಿನ ವಿಚಾರ ಬೇರೆ ದಾರಿಯಲ್ಲಿ ಒಳಗೆ ಬಂತು. ಅಸ್ಪೃಶ್ಯತೆಯನ್ನು ಅಳಿಸುವ 17ನೇ ವಿಧಿ, ಬಿಟ್ಟಿ ದುಡಿಮೆಯನ್ನು ನಿಷೇಧಿಸುವ 23ನೇ ವಿಧಿ, ಬಾವಿ ಕೆರೆಗಳ 15(2) ಇವು ಸರ್ಕಾರವನ್ನಷ್ಟೇ ಕಟ್ಟುವುದಿಲ್ಲ. ಗೌಡನನ್ನೂ, ಅಂಗಡಿಯವನನ್ನೂ, ಪಕ್ಕದ ಮನೆಯವನನ್ನೂ ಕಟ್ಟುತ್ತವೆ.

ಸಂವಿಧಾನದ ಕರಡಿನ ಕೆಲಸದಲ್ಲಿ ಮೈಸೂರಿನ ನೆರಳೂ ಇದೆ. 1947ರ ಆಗಸ್ಟ್ 29ರಂದು ನೇಮಕವಾದ ಕರಡು ಸಮಿತಿಯಲ್ಲಿ ಬಿ.ಎಲ್. ಮಿತ್ತರ್ ಅವರ ಜಾಗಕ್ಕೆ ಬಂದವರು ಎನ್. ಮಾಧವರಾವ್, 1941ರಿಂದ 1946ರವರೆಗೆ ಮೈಸೂರಿನ ದಿವಾನರಾಗಿದ್ದವರು. ಮೊದಲ ಕರಡು ಸಿದ್ಧಪಡಿಸಿದ ಸಾಂವಿಧಾನಿಕ ಸಲಹೆಗಾರ ಬೆನಗಲ್ ನರಸಿಂಗರಾಯರು ಮಂಗಳೂರಿನವರು. ಅರಮನೆಯ ಅರಸೊತ್ತಿಗೆ ಕಂಡ ಊರು ಗಣರಾಜ್ಯದ ಭಾಗವಾದದ್ದೂ ಆ ದಿನಗಳಲ್ಲೇ. ‘ಮೈಸೂರು ಚಲೋ’ ಚಳವಳಿ 1947ರಲ್ಲಿ ಜವಾಬ್ದಾರಿ ಸರ್ಕಾರವನ್ನು ತಂದಿತು. 1949ರ ನವೆಂಬರ್‌ನಲ್ಲಿ ಜಯಚಾಮರಾಜ ಒಡೆಯರು ಭಾರತದ ಸಂವಿಧಾನವನ್ನು ಒಪ್ಪಿ ಘೋಷಣೆ ಹೊರಡಿಸಿದರು. ಮರುವರ್ಷ ಜನವರಿ 26ರಿಂದ ಕಾಗದದ ಮೇಲಾದರೂ ಅರಮನೆಯ ಒಡೆಯರೂ ಆದಿಕರ್ನಾಟಕಪುರದ ಕೂಲಿಯೂ ಒಂದೊಂದೇ ಓಟಿನ ಪ್ರಜೆಗಳು.

ಹಾಗಾದರೆ ಅಂಬೇಡ್ಕರ್ ಸರ್ಕಾರಕ್ಕೆ ಲಗಾಮು ಬೇಡವೆಂದರೆ? ಇಲ್ಲ. ಹಕ್ಕಿಗೆ ಧಕ್ಕೆಯಾದವನು ನೇರ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟುವ ಅವಕಾಶವೇ (ಈಗಿನ 32ನೇ ವಿಧಿ) ಇಡೀ ಸಂವಿಧಾನದ ಜೀವಾಳ ಎಂದು ಅವರು 1948ರ ಡಿಸೆಂಬರ್ 9ರಂದು ಸಭೆಗೆ ಹೇಳಿದರು. ಅದಕ್ಕೂ ಕೆಲವು ವಾರ ಮೊದಲು, ದೇಶವನ್ನು ಸಮಾಜವಾದಿ, ಜಾತ್ಯತೀತ ಎಂದು ಮೊದಲ ವಿಧಿಯಲ್ಲೇ ಬರೆಯಬೇಕೆಂದು ಕೆ.ಟಿ. ಷಾ ಕೇಳಿದಾಗ ಅಂಬೇಡ್ಕರ್ ವಿರೋಧಿಸಿದರು. ರಾಜ್ಯದ ಒಡೆತನದ ಆರ್ಥಿಕತೆ ಬೇಕೆಂದು ಹಿಂದಿನ ವರ್ಷವಷ್ಟೇ ಮನವಿ ಬರೆದಿದ್ದವರು, ಮುಂದಿನ ಪೀಳಿಗೆ ಯಾವ ಸಮಾಜ ವ್ಯವಸ್ಥೆಯಲ್ಲಿ ಬಾಳಬೇಕೆಂದು ನಾವು ಈಗಲೇ ತೀರ್ಮಾನಿಸಿದರೆ ಪ್ರಜಾಪ್ರಭುತ್ವಕ್ಕೇ ಜಾಗವಿರುವುದಿಲ್ಲ ಎಂದರು. ತಮ್ಮ ಮನಸ್ಸಿಗೆ ಪ್ರಿಯವಾದ ವಿಚಾರವನ್ನೂ ಜನರ ಮೇಲೆ ಶಾಶ್ವತವಾಗಿ ಹೇರದ ಈ ನಡೆ ನನಗೆ ಅವರ ರಾಜಕೀಯ ಬದುಕಿನ ದೊಡ್ಡ ಗಳಿಗೆಗಳಲ್ಲೊಂದಾಗಿ ಕಾಣುತ್ತದೆ.

ಕೇಂದ್ರಕ್ಕೆ ಅವರು ಕೊಟ್ಟ ಅಧಿಕಾರದ ವಿಚಾರದಲ್ಲಿ ಮಾತ್ರ ನನಗೆ ಅವರೊಡನೆ ಜಗಳವಿದೆ. ತುರ್ತುಪರಿಸ್ಥಿತಿಯಲ್ಲಿ ಕೋರ್ಟಿಗೆ ಹೋಗುವ ಹಕ್ಕನ್ನೇ ಅಮಾನತಿನಲ್ಲಿಡಬಹುದಾದ ವಿಧಿಯನ್ನು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು ಸಭೆಯಲ್ಲಿ ಕಟುವಾಗಿ ವಿರೋಧಿಸಿದ್ದರು. ಆ ವಿಧಿ ಹಾಗೇ ಉಳಿಯಿತು. 1975ರ ಜೂನ್ ನಂತರ ಬೆಂಗಳೂರು ಸೆರೆಮನೆ ತುಂಬಿದಾಗ ಕಾಮತರ ಭಯ ನಿಜವಾಯಿತು. ರಾಜ್ಯ ಸರ್ಕಾರಗಳನ್ನು ವಜಾ ಮಾಡುವ 356ನೇ ವಿಧಿಯೂ ಅಂಥದ್ದೇ. ಅದು ಬಳಕೆಗೆ ಬಾರದೆ ಪುಸ್ತಕದಲ್ಲೇ ಉಳಿಯಲಿ ಎಂದು ಅಂಬೇಡ್ಕರ್ 1949ರ ಆಗಸ್ಟ್‌ನಲ್ಲಿ ಹಾರೈಸಿದರು. ಹಾರೈಕೆ ಫಲಿಸಲಿಲ್ಲ. 1989ರ ಏಪ್ರಿಲ್ 21ರಂದು ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು ವಿಧಾನಸಭೆಯಲ್ಲಿ ಬಹುಮತ ಪರೀಕ್ಷೆಗೂ ಬಿಡದೆ ಕಿತ್ತುಹಾಕಲಾಯಿತು. ಬೊಮ್ಮಾಯಿ ಹಿಡಿದ ಪಟ್ಟು ಬಿಡಲಿಲ್ಲ. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತ ಗೊತ್ತಾಗಬೇಕಾದದ್ದು ರಾಜ್ಯಪಾಲರ ಕೋಣೆಯಲ್ಲಲ್ಲ, ಸದನದಲ್ಲಿ ಎಂದಿತು. ವಜಾ ಆದೇಶವನ್ನು ಕೋರ್ಟು ಪರಿಶೀಲಿಸಬಹುದೆಂದಿತು. ಜಾತ್ಯತೀತತೆ ಸಂವಿಧಾನದ ಮೂಲ ಲಕ್ಷಣವೆಂದೂ ಸಾರಿತು. ಅಂಬೇಡ್ಕರ್ ಸಡಿಲ ಬಿಟ್ಟಿದ್ದ ಗಂಟನ್ನು ಅವರೇ ಕಟ್ಟಿಕೊಟ್ಟ ನ್ಯಾಯಾಲಯ ಬಿಗಿ ಮಾಡಿತು, ಅದೂ ಒಬ್ಬ ಕನ್ನಡಿಗನ ಮೊಕದ್ದಮೆಯಲ್ಲಿ.

ಹಳ್ಳಿಗಳ ವಿಚಾರದಲ್ಲೂ ಅವರನ್ನು ಟೀಕಿಸಿದವರು ಬಹಳ. ಮೈಸೂರು ಪ್ರತಿನಿಧಿ ಕೆ. ಹನುಮಂತಯ್ಯನವರಿಗೆ ಇಡೀ ಕರಡಿನಲ್ಲಿ ವೀಣೆಯ ಬದಲು ಇಂಗ್ಲಿಷ್ ಬ್ಯಾಂಡಿನ ಸದ್ದು ಕೇಳಿಸಿತ್ತು. ಗ್ರಾಮಗಳೇ ಗಣರಾಜ್ಯದ ಬುನಾದಿಯಾಗಬೇಕೆಂಬ ಗಾಂಧಿವಾದಿಗಳ ಆಸೆಗೆ ಅಂಬೇಡ್ಕರ್ ಒಲಿಯಲಿಲ್ಲ. ಕೇರಿಯ ಕಡೆಯಿಂದ ಹಳ್ಳಿಯನ್ನು ನೋಡಿದವರಿಗೆ ಅದು ಸ್ವರ್ಗವಾಗಿ ಕಾಣುವುದು ಸಾಧ್ಯವಿರಲಿಲ್ಲ. ಅಬ್ದುಲ್ ನಜೀರ್‌ಸಾಬರು ಮುನ್ನಡೆಸಿದ ಕರ್ನಾಟಕದ 1983ರ ಪಂಚಾಯತ್ ಕಾಯ್ದೆ, ಅದರ ಬೆನ್ನಿಗೆ 1992ರ 73ನೇ ತಿದ್ದುಪಡಿ ಹಳ್ಳಿಗೆ ಅಧಿಕಾರ ಕೊಟ್ಟವು. ಜೊತೆಗೆ ದಲಿತರಿಗೂ ಮಹಿಳೆಯರಿಗೂ ಸ್ಥಾನ ಮೀಸಲಿಟ್ಟವು. ಗಾಂಧಿಯ ಹಳ್ಳಿ ಬಂದದ್ದು ಅಂಬೇಡ್ಕರ್ ಹಾಕಬಹುದಾಗಿದ್ದ ಷರತ್ತಿನ ಮೇಲೆ.

ಇನ್ನು ಧರ್ಮ. ಅಂಬೇಡ್ಕರ್ ಧರ್ಮವಿರೋಧಿ ಎಂದುಕೊಂಡವರು ಅವರನ್ನು ಅರ್ಧ ಓದಿದವರು. 1936ರ ‘ಜಾತಿ ವಿನಾಶ’ದಲ್ಲಿ ಅವರು ತತ್ತ್ವಗಳ ಧರ್ಮವನ್ನೂ ಕಟ್ಟಳೆಗಳ ಧರ್ಮವನ್ನೂ ಬೇರೆ ಬೇರೆಯಾಗಿ ನೋಡುತ್ತಾರೆ. ಹೀಗೆ ಬಾಳು ಎಂದು ಮನಸ್ಸಿಗೆ ದಾರಿ ತೋರಿಸುವುದು ಧರ್ಮ. ಇವನ ಕೈಯ ನೀರು ಬೇಡ, ಅವನ ಮನೆಯ ಹೆಣ್ಣು ಬೇಡ, ಈ ಬೀದಿಯಲ್ಲಿ ಚಪ್ಪಲಿ ಬೇಡ ಎಂಬುದು ಕಾನೂನು. ಅದು ಧರ್ಮದ ಹೆಸರಿಟ್ಟುಕೊಂಡಿದೆ ಅಷ್ಟೆ. ಕಾನೂನಾದರೆ ಅದನ್ನು ಬದಲಿಸಬಹುದು. 1948ರ ಡಿಸೆಂಬರ್ 2ರಂದು ಸಂವಿಧಾನ ಸಭೆಯಲ್ಲಿ ಇದೇ ವಾದವನ್ನು ಇನ್ನೊಂದು ರೀತಿ ಮುಂದಿಟ್ಟರು. ಈ ದೇಶದಲ್ಲಿ ಹುಟ್ಟಿನಿಂದ ಸಾವಿನವರೆಗೆ ಧರ್ಮ ಕೈ ಹಾಕದ ವಿಷಯವೇ ಇಲ್ಲ. ನಂಬಿಕೆ ಮತ್ತು ಆರಾಧನೆಗೆ ಅದನ್ನು ಸೀಮಿತಗೊಳಿಸದಿದ್ದರೆ ಅಸಮಾನತೆ ತುಂಬಿದ ಸಮಾಜವನ್ನು ತಿದ್ದುವ ದಾರಿಯೇ ಮುಚ್ಚಿಹೋಗುತ್ತದೆ, ಈ ಸ್ವಾತಂತ್ರ್ಯ ನಮಗೆ ಬಂದದ್ದಾದರೂ ಏತಕ್ಕೆ ಎಂದು ಕೇಳಿದರು. 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಕೊಟ್ಟೂ, ಹಿಂದೂ ದೇವಾಲಯಗಳನ್ನು ಎಲ್ಲ ಹಿಂದೂಗಳಿಗೆ ತೆರೆಸುವ ಅಧಿಕಾರವನ್ನು ಸರ್ಕಾರಕ್ಕೆ ಉಳಿಸಿದ್ದು ಈ ಯೋಚನೆಯಿಂದ. ದೇವರ ವಿಚಾರದಲ್ಲೂ ಸಭೆ ಅಷ್ಟೇ ಎಚ್ಚರದಿಂದಿತ್ತು. ಪ್ರಸ್ತಾವನೆ ದೇವರ ಹೆಸರಿನಿಂದ ಶುರುವಾಗಲಿ ಎಂದು ಅದೇ ಕಾಮತರು 1949ರ ಅಕ್ಟೋಬರ್‌ನಲ್ಲಿ ಕೇಳಿದಾಗ ಪರವಾಗಿ 41 ಮತ, ವಿರುದ್ಧ 68. ಆ 68 ಮಂದಿಯಲ್ಲಿ ಆಸ್ತಿಕರು ಬೇಕಾದಷ್ಟು ಇದ್ದರು.

ಧರ್ಮಕ್ಕೂ ಸರ್ಕಾರಕ್ಕೂ ನಡುವಿನ ಗೆರೆಯನ್ನು ಮೊದಲು ಎಳೆದು ನೋಡಿದ ಮೊಕದ್ದಮೆಗಳು ನಮ್ಮ ಕರಾವಳಿಯವು. ಉಡುಪಿಯ ಅಷ್ಟಮಠಗಳಲ್ಲೊಂದಾದ ಶೀರೂರು ಮಠದ ಸ್ವಾಮಿಗಳು ಮದ್ರಾಸ್ ಸರ್ಕಾರದ ಮುಜರಾಯಿ ಕಾಯ್ದೆಯನ್ನು ಪ್ರಶ್ನಿಸಿದರು. 1954ರ ತೀರ್ಪು ಧರ್ಮಕ್ಕೆ ಅತ್ಯಗತ್ಯವಾದದ್ದು ಯಾವುದೆಂದು ಆಯಾ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕು, ಆಸ್ತಿಪಾಸ್ತಿಯ ಆಡಳಿತವನ್ನು ಮಾತ್ರ ಸರ್ಕಾರ ನಿಯಂತ್ರಿಸಬಹುದು ಎಂದಿತು. ಮೂಲ್ಕಿಯ ವೆಂಕಟರಮಣ ದೇವಸ್ಥಾನದ್ದು ಇನ್ನೂ ಕಠಿಣ ಪ್ರಶ್ನೆ. ಗೌಡ ಸಾರಸ್ವತರು ಇದು ನಮ್ಮ ಪಂಥದ ಗುಡಿ, ಒಳಗೆ ಯಾರು ಬರಬೇಕೆಂದು ನಾವೇ ತೀರ್ಮಾನಿಸುತ್ತೇವೆ ಎಂದರು. ನ್ಯಾಯಾಲಯ ಅವರ ಪಂಥದ ಹಕ್ಕನ್ನು ಒಪ್ಪಿತು. ಕೆಲವು ವಿಶೇಷ ಸೇವೆಗಳ ಹೊತ್ತಿನಲ್ಲಿ ಹೊರಗಿನವರನ್ನು ದೂರ ಇಡಬಹುದೆಂದಿತು. ಆದರೆ ಉಳಿದ ಹೊತ್ತಿನಲ್ಲಿ ಬಾಗಿಲು ಎಲ್ಲ ಹಿಂದೂಗಳಿಗೂ ತೆರೆದಿರಬೇಕು, ಎರಡು ಹಕ್ಕು ಎದುರುಬದುರಾದರೆ ಪ್ರವೇಶದ ಹಕ್ಕೇ ಮೇಲು ಎಂದು ಹೇಳಿತು. ಈ ಎರಡನೇ ತೀರ್ಪು ಬರುವ ಹೊತ್ತಿಗೆ ಅಂಬೇಡ್ಕರ್ ತೀರಿಕೊಂಡಿದ್ದರು. ಬದುಕಿದ್ದರೆ, ಧರ್ಮಕ್ಕೆ ಯಾವುದು ಅತ್ಯಗತ್ಯ ಎಂದು ನ್ಯಾಯಾಧೀಶರು ಶಾಸ್ತ್ರ ಬಿಚ್ಚಿ ಕೂರುವುದನ್ನು ಮೆಚ್ಚುತ್ತಿದ್ದರೆಂದು ನನಗನಿಸುವುದಿಲ್ಲ. ಕಟ್ಟಳೆ ಎಷ್ಟೇ ಪುರಾತನವಾಗಿರಲಿ, ಅದು ಇನ್ನೊಬ್ಬನ ಘನತೆ ಕಳೆಯುತ್ತದೆಯೇ ಎಂಬುದಷ್ಟೇ ಅವರ ಅಳತೆಗೋಲು.

ಹೆಣ್ಣುಮಕ್ಕಳ ವಿಚಾರದಲ್ಲಿ ಅದೇ ಅಳತೆಗೋಲು ಹಿಡಿದು ಅವರು ಮಂತ್ರಿ ಪದವಿಯನ್ನೇ ಕಳೆದುಕೊಂಡರು. ಆಸ್ತಿಯಲ್ಲಿ ಪಾಲು, ವಿಚ್ಛೇದನದ ಹಕ್ಕು ಕೊಡುವ ಹಿಂದೂ ಸಂಹಿತೆ ಮಸೂದೆ ಮೂಲೆಗೆ ಬಿದ್ದಾಗ, 1951ರ ಸೆಪ್ಟೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಮೈಸೂರು ಸಂಸ್ಥಾನ 1933ರಷ್ಟು ಹಿಂದೆಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ತಂದಿತ್ತು ಎಂಬುದನ್ನು ಇಲ್ಲಿ ಹೆಮ್ಮೆಯಿಂದಲೇ ನೆನೆಯಬಹುದು.

ಅವರ ಸ್ವಂತ ಶ್ರದ್ಧೆಯ ಪಯಣ ದೀರ್ಘವಾದದ್ದು. ಹಿಂದೂವಾಗಿ ಸಾಯುವುದಿಲ್ಲ ಎಂದು ಯೇವಲೆಯಲ್ಲಿ ಸಾರಿದ್ದು 1935ರ ಅಕ್ಟೋಬರ್‌ನಲ್ಲಿ. ನಾಗಪುರದಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡದ್ದು 1956ರ ಅಕ್ಟೋಬರ್ 14ರಂದು, ಅಶೋಕ ವಿಜಯದಶಮಿಯ ದಿನ. ನಡುವೆ ಇಪ್ಪತ್ತೊಂದು ವರ್ಷದ ಓದು, ಯೋಚನೆ. ಸ್ವಾತಂತ್ರ್ಯ, ಸಮಾನತೆ, ಬಂಧುತ್ವ ಎಂಬ ಮೂರನ್ನು ತಾನು ಫ್ರೆಂಚ್ ಕ್ರಾಂತಿಯಿಂದ ಪಡೆಯಲಿಲ್ಲ, ಬುದ್ಧಗುರುವಿನಿಂದ ಪಡೆದೆ ಎಂದು 1954ರಲ್ಲಿ ಆಕಾಶವಾಣಿಯಲ್ಲಿ ಹೇಳಿದರು. ಕಾನೂನು ಸ್ವಾತಂತ್ರ್ಯವನ್ನು ಕೊಡಬಹುದು, ಸಮಾನತೆಯನ್ನು ಬರೆದಿಡಬಹುದು; ಪಕ್ಕದವನನ್ನು ತನ್ನವನೆಂದು ಕಾಣುವ ಮನಸ್ಸನ್ನು ಕೊಡಲಾರದು. ಅದು ಬರಬೇಕಾದರೆ ಧರ್ಮ ಬೇಕು ಎಂಬುದು ಅವರ ಕೊನೆಯ ವರ್ಷಗಳ ನಿಲುವು. ಸಂಘದ ಸಭೆಗಳಲ್ಲಿ ನಿರ್ಣಯ ಮಂಡಿಸುವ, ಮತ ಎಣಿಸುವ, ಹಾಜರಾತಿಯ ಮಿತಿ ನೋಡುವ ಕ್ರಮ ಭಿಕ್ಷುಗಳಿಗೆ ಗೊತ್ತಿತ್ತೆಂದು ಸಂವಿಧಾನ ಸಭೆಗೇ ನೆನಪಿಸಿದ್ದರು. ಗಣರಾಜ್ಯ ಅವರಿಗೆ ಹೊರಗಿನಿಂದ ತಂದ ಸರಕಾಗಿರಲಿಲ್ಲ.

ನಾಗಪುರದಲ್ಲಿ ಲಕ್ಷಾಂತರ ಜನ ಅವರೊಡನೆ ಮತಾಂತರವಾದಾಗ ಯಾವ ಜಿಲ್ಲಾಧಿಕಾರಿಗೂ ಅರ್ಜಿ ಕೊಡಬೇಕಾಗಿರಲಿಲ್ಲ. ಕರ್ನಾಟಕದ 2022ರ ಕಾಯ್ದೆ ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕೆಂದಿತು. 2023ರಲ್ಲಿ ಹೊಸ ಸಂಪುಟ ಅದನ್ನು ರದ್ದುಪಡಿಸುವ ತೀರ್ಮಾನ ಪ್ರಕಟಿಸಿತು. ಬಲವಂತ ಮತ್ತು ಆಮಿಷಕ್ಕೆ ಶಿಕ್ಷೆ ಇರಲಿ, ಅದಕ್ಕೆ ನನ್ನ ತಕರಾರಿಲ್ಲ. ಆತ್ಮಸಾಕ್ಷಿಗೆ ಮುಂಗಡ ನೋಟಿಸು ಕೇಳುವ ಸರ್ಕಾರ ಮಾತ್ರ 25ನೇ ವಿಧಿ ಬಯಸಿದ ಸರ್ಕಾರವಲ್ಲ.

ಮಾತಿನ ಸ್ವಾತಂತ್ರ್ಯದ ಪರೀಕ್ಷೆ ಈ ಮೈಸೂರಿನಲ್ಲೇ ನಡೆದದ್ದುಂಟು. 1973ರ ನವೆಂಬರ್‌ನಲ್ಲಿ ಇಲ್ಲಿನ ವಿಚಾರ ಸಂಕಿರಣವೊಂದರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದರು. ಉತ್ತರವಾಗಿ ಒಂದು ಲೇಖನ ಬರೆದಿದ್ದರೆ ಸಾಕಿತ್ತು. ರಾಜ್ಯವೇ ಹೊತ್ತಿ ಉರಿಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಇಲ್ಲೂ ಬಾಯಿ ಮುಚ್ಚಿಸಿದ್ದು ಯಾವ ಕಾನೂನೂ ಅಲ್ಲ, ಗುಂಪು. ಆ ಗಾಯದಿಂದಲೇ ದಲಿತ ಸಂಘರ್ಷ ಸಮಿತಿಯಂಥ ಸಂಘಟನೆಗೆ ನೆಲ ಹದವಾಯಿತು. ಕನ್ನಡ ಸಾಹಿತ್ಯವೂ ಮೊದಲಿನಂತೆ ಉಳಿಯಲಿಲ್ಲ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣದಲ್ಲಿ ಅಂಬೇಡ್ಕರ್ ಮೂರು ಎಚ್ಚರಿಕೆ ಕೊಟ್ಟರು. ಬೀದಿಯ ಬಲ ಬಿಟ್ಟು ಸಂವಿಧಾನದ ದಾರಿ ಹಿಡಿಯಿರಿ ಎಂಬುದು ಒಂದು. ಓಟಿನಲ್ಲಿ ಸಮಾನರಾಗಿ ಬದುಕಿನಲ್ಲಿ ಅಸಮಾನರಾಗಿಯೇ ಉಳಿದರೆ ಕಟ್ಟಿದ್ದು ಕುಸಿಯುತ್ತದೆ ಎಂಬುದು ಇನ್ನೊಂದು. ಮತ್ತೊಂದು ಭಕ್ತಿಯ ಬಗ್ಗೆ. ಧರ್ಮದಲ್ಲಿ ಭಕ್ತಿ ಮೋಕ್ಷಕ್ಕೆ ದಾರಿಯಾಗಬಹುದು, ರಾಜಕೀಯದಲ್ಲಿ ಅದು ಸರ್ವಾಧಿಕಾರಕ್ಕೆ ದಾರಿ ಎಂದರು. ಎಷ್ಟೇ ದೊಡ್ಡ ಮನುಷ್ಯನಾದರೂ ಅವನ ಪಾದಕ್ಕೆ ನಿಮ್ಮ ಸ್ವಾತಂತ್ರ್ಯ ಒಪ್ಪಿಸಬೇಡಿ ಎಂಬ ಮಾತಿನಿಂದ ಅವರು ತಮ್ಮನ್ನೂ ಹೊರಗಿಟ್ಟುಕೊಳ್ಳಲಿಲ್ಲ. ತಾವೇ ಮುಂದೆ ನಿಂತು ಕಟ್ಟಿದ ಸಂವಿಧಾನವನ್ನು ಸುಡಲು ತಾನೇ ಮೊದಲಿಗನಾಗುತ್ತೇನೆ ಎಂದು 1953ರಲ್ಲಿ ರಾಜ್ಯಸಭೆಯಲ್ಲಿ ಸಿಡಿದದ್ದೂ, 1955ರಲ್ಲಿ ಅದರ ಕಾರಣ ಬಿಡಿಸಿ, ದೇವರಿಗೆಂದು ಕಟ್ಟಿದ ಗುಡಿಯನ್ನು ಅಸುರರು ಹೊಕ್ಕರೆ ಇನ್ನೇನು ಮಾಡಲಿ ಎಂಬರ್ಥದಲ್ಲಿ ಉತ್ತರಿಸಿದ್ದೂ ಅವರೇ. ಪ್ರತಿಮೆಯಾಗಿ ಕೂರಲು ಒಪ್ಪದ ಸ್ವಭಾವ ಅದು.

ಈಗ ಅವರಿಗೆ ಎಲ್ಲ ಪಕ್ಷಗಳೂ ಹಾರ ಹಾಕುತ್ತವೆ. ಅವರ ಬರಹ ಮತ್ತು ಭಾಷಣಗಳ ಸಂಪುಟಗಳು ಕುವೆಂಪು ಭಾಷಾ ಭಾರತಿ ಪ್ರಾಧಿಕಾರದಿಂದ ಕನ್ನಡದಲ್ಲೇ ಸಿಗುತ್ತವೆ. ನವೆಂಬರ್ 25ರ ಆ ಭಾಷಣ ಒಂದು ಸಂಜೆಯ ಓದಿಗೆ ಸಾಕು. ಬರುವ ಏಪ್ರಿಲ್‌ನಲ್ಲಿ ಅಶೋಕಪುರಂನ ಪಾರ್ಕಿನಲ್ಲಿ ಯಾರಾದರೂ ಅದನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುವುದಾದರೆ, ಕುವೆಂಪುನಗರದವರೂ ಸರಸ್ವತಿಪುರಂನವರೂ ಅಗ್ರಹಾರದವರೂ ಬಂದು ಕೂತು ಕೇಳಲಿ ಎಂಬುದು ನನ್ನ ಬೇಡಿಕೆ.